ಪರದೇಶದ ಮಾಳಿಗೆಯಿಂದ ಒಂದು ಫೋನು

ನನ್ನ ಗಂಡ ನೌಕಾಪಡೆಯಲ್ಲಿದ್ದದ್ದರಿಂದ ಮನೆ ವಿಶಾಖಪಟ್ಟಣದಲ್ಲಿ, ನನ್ನ ಕೆಲಸ ಮಾತ್ರ ವಿಜಯವಾಡದಲ್ಲಿ. ಬಳ್ಳಾರಿಯವಳಾದ ನನಗೆ ತೆಲುಗು ಮೊದಲೇ ಬರುತ್ತಿತ್ತು. ಅದಕ್ಕೇ ಒಂದು ಸಣ್ಣ ಸಂಸ್ಥೆ, ಕೊಲ್ಲಿ ದೇಶಗಳಿಗೆ ಮನೆಗೆಲಸಕ್ಕೆ ಹೋಗುವ ಹೆಂಗಸರಿಗೆ ಪಾಠ ಹೇಳಲು ನನ್ನನ್ನು ಇಟ್ಟುಕೊಂಡಿತ್ತು. ಸೋಮವಾರ ರೈಲು ಹತ್ತಿದರೆ ವಾರದ ಕೊನೆಗೆ ವಾಪಸ್ಸು. ವಿಶಾಖಪಟ್ಟಣ ಬಿಟ್ಟು ಅನಕಾಪಲ್ಲಿ ದಾಟುವಷ್ಟರಲ್ಲೇ ಬೆನ್ನು ನೋಯಲು ಶುರುವಾಗುತ್ತಿತ್ತು. ಮಗಳನ್ನು ಅತ್ತೆ ನೋಡಿಕೊಳ್ಳುತ್ತಿದ್ದರು. ಅವಳು ನನ್ನ ಜೊತೆಗೂ ತೆಲುಗಿನಲ್ಲೇ ಮಾತಾಡತೊಡಗಿದ್ದಳು. ತಿದ್ದುವಷ್ಟು ಚೈತನ್ಯ ನನಗಿರಲಿಲ್ಲ.

ಗವರ್ನರ್‌ಪೇಟೆಯ ಒಂದು ಸಗಟು ಬಟ್ಟೆ ಅಂಗಡಿಯ ಮಹಡಿಯಲ್ಲಿ ಪಾಠ ನಡೆಯುತ್ತಿತ್ತು. ವಾಷಿಂಗ್ ಮಷೀನು, ಗ್ಯಾಸ್ ಒಲೆ, ಒಂದಿಷ್ಟು ಅರಬ್ಬಿ ಮಾತು. ಕೆಳಗಿನ ಆಟೋಗಳ ಹಾರನ್ನಿನ ನಡುವೆ ಹೇಳಿದ್ದನ್ನೇ ಹೇಳಿ ನನ್ನ ಗಂಟಲು ಒಡೆದಿತ್ತು.

ಒಮ್ಮೆ ವಿಶಾಖಪಟ್ಟಣದ ಸಮುದ್ರದಂಡೆಯ ಹೋಟೆಲೊಂದರಲ್ಲಿ ಅಕ್ಕಪಕ್ಕದ ದೇಶಗಳ ಅಧಿಕಾರಿಗಳ ಸಭೆ ಸೇರಿತು. ದುಡಿಯಲು ಗಡಿ ದಾಟುವವರ ವಿವರವನ್ನೆಲ್ಲ ಕಂಪ್ಯೂಟರಿಗೆ ಹಾಕಿ, ದೇಶದೇಶಗಳು ಹಂಚಿಕೊಳ್ಳಬೇಕೆಂಬ ಮಾತು. ನನ್ನನ್ನೂ ಕರೆದಿದ್ದರು, ಹಿಂದಿನ ಸಾಲಿನಲ್ಲಿ ಕೂತು ತೂಕಡಿಸಿದೆ. ಊಟಕ್ಕೆ ಪಕ್ಕದಲ್ಲಿ ಕೂತವರು ಕೊಲಂಬೊದಿಂದ ಬಂದಿದ್ದ ಹಿರಿಯ ಹೆಂಗಸು, ಅಲ್ಲಿ ನನ್ನಂಥದೇ ಕೆಲಸ.

"ಮೊದಲ ದಿನ ಏನು ಕಲಿಸ್ತೀರಿ?" ಅಂತ ಇಂಗ್ಲಿಷಿನಲ್ಲಿ ಕೇಳಿದರು.

"ವಾಷಿಂಗ್ ಮಷೀನು."

"ಅದು ಅಲ್ಲಿಗೆ ಹೋದಮೇಲೂ ಬರುತ್ತೆ. ಒಂದು ಫೋನ್ ನಂಬರ್ ಬಾಯಿಪಾಠ ಮಾಡಿಸಿ. ಪಾಸ್‌ಪೋರ್ಟು, ಚೀಟಿ ಎಲ್ಲ ಕೆಲಸದ ಮನೆಯವರು ಕಿತ್ಕೋತಾರೆ. ತಲೆಯೊಳಗಿರೋದನ್ನ ಕಿತ್ಕೊಳ್ಳೋಕಾಗಲ್ಲ."

ಮುಂದಿನ ವಾರದಿಂದ ನಮ್ಮ ಮನೆಯ ಫೋನ್ ನಂಬರನ್ನು ಮಗ್ಗಿಯಂತೆ ಒಪ್ಪಿಸಲು ಹೇಳಿದೆ. ಹೆಂಗಸರು ನಕ್ಕರು. ಕೃಷ್ಣಾ ತೀರದ ಹಳ್ಳಿಯಿಂದ ಬರುತ್ತಿದ್ದ ಒಬ್ಬಳು ನಗಲಿಲ್ಲ. ಗಂಡ ಹಾಸಿಗೆ ಹಿಡಿದಿದ್ದ, ಇಬ್ಬರು ಹೆಣ್ಣುಮಕ್ಕಳು ಶಾಲೆಯಲ್ಲಿದ್ದರು. ಕಣ್ಣು ಮುಚ್ಚಿ, ತುಟಿಯಲ್ಲೇ ಹೇಳಿಕೊಂಡು ಕಲಿತಳು. ಆ ತಿಂಗಳೇ ಹೊರಟುಹೋದಳು.

ಬೇಸಿಗೆಯ ಒಂದು ಮಧ್ಯಾಹ್ನ ಮನೆಯಲ್ಲಿದ್ದಾಗ ಫೋನು ಬಂತು.

"ಮೇಡಂಗಾರೂ, ನಾನಂಡಿ." ಆ ಕೃಷ್ಣಾ ತೀರದವಳದೇ ದನಿ, ತೆಲುಗಿನ ಪಿಸುಮಾತು. "ಮಾಳಿಗೆ ಮೇಲೆ ಬಟ್ಟೆ ಒಣಹಾಕ್ತಿದೀನಿ. ಪಕ್ಕದ ಮನೇಲಿ ಸಿಲೋನ್ ಹುಡುಗಿ ಕೆಲಸಕ್ಕಿದಾಳೆ, ಅವಳ ಫೋನಿದು. ಇಲ್ಲಿ ಹೊಡೀತಾರಂಡಿ. ಹೊರಗೆ ಬಿಡಲ್ಲ."

ಅವಳು ಹೇಳಿದ ಬೀದಿಯ ಗುರುತು ಬರೆದುಕೊಂಡು, ನಮ್ಮ ಸರ್ಕಾರದ ಒಬ್ಬ ಅಧಿಕಾರಿಗೆ ಫೋನು ಮಾಡಿದೆ. ಅವರು ಕಂಪ್ಯೂಟರಿನಲ್ಲಿ ಹುಡುಕಿ, "ಇಲ್ಲಿ ಇವರ ವಿಳಾಸ ಬೇರೆ ಮನೇದು ಇದೆಯಮ್ಮ" ಅಂದರು. ಕರೆದುಕೊಂಡು ಹೋದ ಏಜೆಂಟು ಒಂದು ವಿಳಾಸ ಬರೆಸಿ ಇನ್ನೊಂದು ಮನೆಗೆ ಬಿಟ್ಟಿದ್ದ. ಅದನ್ನೇ ಹೇಳಿದೆ. "ತಿದ್ದೋಕೆ ಆ ದೇಶದಿಂದಲೇ ಕಾಗದ ಬರಬೇಕಲ್ಲ" ಅಂದರು. ಒರಟಾಗಿ ಹೇಳಲಿಲ್ಲ. ಅವರಿಗೂ ನನ್ನಷ್ಟೇ ಸುಸ್ತಾಗಿತ್ತು ಅನಿಸಿತು.

ಕೊನೆಗೆ, ಪಕ್ಕದ ಮನೆಯ ಹುಡುಗಿ ಸಿಲೋನಿನವಳೆಂಬುದು ನೆನಪಾಗಿ, ಕೊಲಂಬೊಗೆ ಫೋನು ಹಚ್ಚಿದೆ. ಆ ಹಿರಿಯರು ಎಲ್ಲವನ್ನೂ ಕೇಳಿಸಿಕೊಂಡು, "ಆ ಊರಲ್ಲಿ ನಮ್ಮ ಹೆಂಗಸರಿಗೆ ಅಂತ ಒಂದು ಆಸರೆಮನೆ ಇದೆ" ಅಂದರು.

"ಅವಳು ನಿಮ್ಮ ದೇಶದವಳಲ್ಲವಲ್ಲ."

"ಬಾಗಿಲು ತೆಗೆದಮೇಲೆ ಕೇಳೋಣ ಬಿಡಿ."

ನಾನು ಕೊಟ್ಟ ನಂಬರಿಗೆ ಫೋನು ಮಾಡಿ, ಪಕ್ಕದ ಮನೆಯ ಆ ಹುಡುಗಿಗೆ ಅವರೇ ಎಲ್ಲ ಹೇಳಿಕೊಟ್ಟರು. ಕಸ ಹಾಕಲು ಬೆಳಿಗ್ಗೆ ಗೇಟು ತೆಗೆದ ಹೊತ್ತಿಗೆ ಇವಳೂ ಆ ಹುಡುಗಿಯೂ ಆಚೆ ಬಂದರಂತೆ. ಬೀದಿಯ ತಿರುವಿನಲ್ಲಿ ಆಸರೆಮನೆಯ ವ್ಯಾನು ನಿಂತಿತ್ತಂತೆ. ಹುಡುಗಿ ಅಲ್ಲೇ ಉಳಿದಳು, ಇವಳನ್ನು ಆಸರೆಮನೆಯವರು ನಮ್ಮ ದೂತಾವಾಸಕ್ಕೆ ತಲುಪಿಸಿದರು. ಕಾಗದಪತ್ರವೆಲ್ಲ ಮುಗಿದು ಅವಳು ಊರು ಸೇರುವಾಗ ಮಳೆಗಾಲ ಬಂದಿತ್ತು.

ಅವಳನ್ನು ಕಂಡು ನನಗೆ ಖುಷಿಯಾಗಬೇಕಿತ್ತು. ಕಣ್ಣು ಮತ್ತೆ ಮತ್ತೆ ಅವಳ ಮೊಣಕೈ ಮೇಲಿನ ಕಲೆಯ ಕಡೆಗೇ ಹೋಗುತ್ತಿತ್ತು. ಚಳಿಗಾಲದಲ್ಲಿ ಅವಳು ಮತ್ತೆ ಮಹಡಿ ಹತ್ತಿ ಬಂದು ಹಿಂದಿನ ಬೆಂಚಿನಲ್ಲಿ ಕೂತಳು.

"ಮತ್ತೆ ಹೋಗ್ತೀಯಾ?"

"ಬೇರೆ ದೇಶಕ್ಕಂಡಿ. ಈ ಸಲ ಆ ಏಜೆಂಟು ಬೇಡ, ಸರಿಯಾದ ದಾರೀಲಿ. ಇಲ್ಲಿದ್ದು ಏನ್ಮಾಡ್ಲಿ?"

ಹೊಸಬರಿಗೆ ನಾಲ್ಕು ಮಾತು ಹೇಳು ಅಂದೆ. ಎದ್ದು ನಿಂತು, "ಮೊದಲು ಅಕ್ಕಪಕ್ಕದ ಮನೇಲಿ ಯಾರು ಕೆಲಸಕ್ಕಿದಾರೆ ಅಂತ ನೋಡ್ಕೊಳ್ಳಿ. ಯಾವ ದೇಶದವಳಾದ್ರೂ ಸರಿ, ನೋಡಿ ನಗಿ" ಅಂದಳು. ಅಷ್ಟು ಹೇಳಿ ಕೂತಳು.

ಅವಳು ಹೊರಟ ದಿನ ನಾನೂ ಮನೆಗೆ ಹೊರಟಿದ್ದೆ. ವಿಜಯವಾಡ ಸ್ಟೇಷನ್ನಿನಲ್ಲಿ ಜೊತೆಗೆ ಟೀ ಕುಡಿದೆವು. ಅವಳು ವಿಮಾನ ಹತ್ತಲು ಹೈದರಾಬಾದಿನ ಕಡೆಗೆ, ನಾನು ವಿಶಾಖಪಟ್ಟಣಕ್ಕೆ. ತಾನು ಪರದೇಶದಲ್ಲಿದ್ದಾಗಲೇ ದೊಡ್ಡ ಮಗಳು ಮೈನೆರೆದಳು, ಜೊತೆಗೆ ತಾನಿರಲಿಲ್ಲ ಅಂದಳು. ನಾನು ಅವಳ ಕೈ ಹಿಡಿದುಕೊಂಡೆ. ಅವಳ ರೈಲು ಮೊದಲು ಬಂತು. ಚೀಲವನ್ನು ತಲೆಯ ಮೇಲಿಟ್ಟುಕೊಂಡು, ಜನರ ನಡುವೆ ನುಗ್ಗಿ ಹತ್ತಿಕೊಂಡಳು.