ಗುಹೆಯೊಳಗೆ ಇಳಿದ ಕಂದೀಲು

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಅರ್ಧಕ್ಕೇ ಪುಟ ತಿರುವಿಬಿಡುತ್ತಿದ್ದೆ. ನಾನು ಓದಿದ್ದು ಕಾನ್ವೆಂಟಿನಲ್ಲಿ. ನೀರಿನ ಟಾಕಿಯ ಹತ್ತಿರ ಏನೋ ಕಂಡಿತು ಎಂದು ಹಾಸ್ಟೆಲಿನ ಹುಡುಗಿಯರು ಚೀರಿದರೆ ನಮ್ಮ ಸಿಸ್ಟರ್ ಬೈಯುತ್ತಿರಲಿಲ್ಲ. ಕೈಹಿಡಿದು ಅಲ್ಲಿಗೇ ಕರೆದೊಯ್ದು, ಒಣಹಾಕಿದ ಲಂಗವನ್ನು ಮುಟ್ಟಿಸಿ ವಾಪಸು ಕರೆತರುತ್ತಿದ್ದರು. ಎಲ್ಲವನ್ನೂ ಮುಟ್ಟಿ ನೋಡುವ ಚಟ ನನಗೆ ಆಗ ಅಂಟಿದ್ದು. ಆದರೆ ಆ ಒಂದು ಮಧ್ಯಾಹ್ನವನ್ನು ಎಷ್ಟು ಸಲ ಮುಟ್ಟಿ ನೋಡಿದರೂ ಕೈಗೆ ಏನೂ ಸಿಗುತ್ತಿಲ್ಲ.

ನಾವಿರುವುದು ಗೋಕಾಕದಲ್ಲಿ. ನಮ್ಮ ಮನೆಯವರು ಹುಕ್ಕೇರಿ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ಬೆಳಿಗ್ಗೆ ಬಸ್ಸು ಹಿಡಿದರೆ ಮನೆ ಕಾಣುವುದು ಸಂಜೆಗೇ. ಮಗಳು ಅಶ್ವಿನಿ ಆ ವರ್ಷ ಕಾಲೇಜಿನ ಸೂಟಿಯಲ್ಲಿ ಗುಹೆಯ ಸಿನಿಮಾಗಳ ಹುಚ್ಚು ಹಿಡಿಸಿಕೊಂಡಿದ್ದಳು. ಹಣೆಗೆ ಬ್ಯಾಟರಿ ಕಟ್ಟಿಕೊಂಡು ಹಗ್ಗ ಹಿಡಿದು ಪಾತಾಳಕ್ಕೆ ಇಳಿಯುವವರು, ಬಂಡೆಗಳ ಸಂದಿಯಲ್ಲಿ ಹೊಟ್ಟೆಯ ಮೇಲೆ ತೆವಳುವವರು, ನೀರು ಮೂಗಿನ ತನಕ ಏರಿದರೂ ಮುಂದೇನಿದೆ ನೋಡೇಬಿಡೋಣ ಎನ್ನುವವರು. ಎಲ್ಲ ಹಿಂದಿಗೆ ಡಬ್ ಆದಂಥವು. ನನಗೋ ನೋಡನೋಡುತ್ತ ಉಸಿರು ಕಟ್ಟುತ್ತದೆ, ಆದರೂ ಎದ್ದು ಹೋಗಲಾಗುವುದಿಲ್ಲ. ಬಾಗಿಲ ಬಾಜೂ ಖುರ್ಚಿ ಹಾಕಿಕೊಂಡು, ಕೈಗೊಂದು ಕೆಲಸ ಇಟ್ಟುಕೊಂಡು ಕೂರುತ್ತೇನೆ. "ಮಮ್ಮಿ, ಅವರು ಗುಹಾದಾಗ ಅದಾರ, ನೀ ಗೋಕಾಕದಾಗ ಅದಿ. ಪಂಖಾ ಜೋರ್ ಮಾಡ್ಲೇನ?" ಎಂದು ಮಗಳು ಕಾಡುತ್ತಾಳೆ.

ಆ ದಿನ ಊಟವಾದ ಮೇಲೆ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದೆ. ಸಿನಿಮಾದಲ್ಲಿ ಕೆಲವರು ಒಂದು ದೊಡ್ಡ ಬಿಲದ ಬಾಯಲ್ಲಿ ನಿಂತಿದ್ದರು. ಅಷ್ಟರಲ್ಲಿ ಒಂದು ಕೈ ಕಂಡಿತು, ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಉರಿಯುವ ಕಂದೀಲು. ಗಾಜಿನ ಒಂದು ಬದಿ ಮಸಿ ಹಿಡಿದು ಕಪ್ಪಾಗಿತ್ತು. ಕಂದೀಲು ಮೆಲ್ಲಗೆ ಕತ್ತಲೊಳಗೆ ಇಳಿಯಿತು. ಸ್ವಲ್ಪ ಆಳಕ್ಕೆ ಹೋಗುತ್ತಲೇ ಉರಿ ಸಣ್ಣಗಾಗಿ, ಬತ್ತಿಯ ತುದಿಯಲ್ಲಿ ಕೆಂಪು ಚುಕ್ಕೆಯಾಗಿ, ಆರಿಹೋಯಿತು. ಮರುಗಳಿಗೆ ಹಣೆಯ ಬ್ಯಾಟರಿಗಳು ಬೆಳಗಿದವು, ಅವರು ಇಳಿಯತೊಡಗಿದರು. ಇಷ್ಟೆಲ್ಲ ಬ್ಯಾಟರಿ ಇದ್ದವರಿಗೆ ಕಂದೀಲು ಯಾತಕ್ಕೆ ಎಂದುಕೊಂಡೆ, ಅಷ್ಟೇ. ಕೈ ನಿಲ್ಲಿಸದೆ ಸೊಪ್ಪು ಬಿಡಿಸಿ ಮುಗಿಸಿದೆ.

ಆದರೆ ಕೂತಲ್ಲಿ ಕೂರಲಾಗಲಿಲ್ಲ. ಒಳಗೆ ಹೋಗಿ ನೀರು ಕುಡಿದೆ. ಬಂದ್ ಇದ್ದ ಗ್ಯಾಸನ್ನೇ ಮತ್ತೆ ಬಂದ್ ಮಾಡಿ ಬಂದೆ. ಗ್ಯಾಲರಿಗೆ ಹೋಗಿ ಒಣಗದ ಅರಿವೆಗಳನ್ನು ತಿರುವಿ ಹಾಕಿದೆ. ಎದೆಯೊಳಗೆ ಯಾರೋ ಅವಸರ ಮಾಡುತ್ತಿದ್ದಂತೆ ಇತ್ತು. ಆಗ ಹೊಳೆಯಿತು, ಕಂದೀಲನ್ನು ಹಾಗೆ ಇಳಿಬಿಡುವುದನ್ನು ನಾನು ತವರುಮನೆಯಲ್ಲಿ ನೋಡಿದ್ದೆ. ಮೂಡಲಗಿ ಕಡೆಯ ಊರು ನಮ್ಮದು. ಜೋಳ ತುಂಬಿಡಲು ಹಿತ್ತಲ ನೆಲದೊಳಗೆ ಹಗೇವು ಇರುತ್ತಿದ್ದವು, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಕಲ್ಲು ಸರಿಸಿದ ಮೇಲೆ ನಮ್ಮ ಅಪ್ಪ ಮೊದಲು ಕಂದೀಲು ಬಿಡುತ್ತಿದ್ದರು. ಅದು ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದು ಲೆಕ್ಕ. ಆದರೆ ನಮ್ಮಲ್ಲಿ ಜೋಳ ಚೀಲಕ್ಕೆ ಬಂದು ಎಷ್ಟೋ ಕಾಲವಾಯಿತು. ಹಗೇವಿನ ಮಾತನ್ನೇ ಯಾರೂ ಎತ್ತುತ್ತಿರಲಿಲ್ಲ.

ತವರುಮನೆಯಲ್ಲಿರುವ ಅಣ್ಣನಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಅವನ ಹೆಂಡತಿ, ನಮ್ಮ ವೈನಿಗೆ ಹಚ್ಚಿದೆ.

"ನಿಮ್ಮಣ್ಣಾವ್ರು ಹಿತ್ತಲದಾಗ ಅದಾರ್ರಿ," ಎಂದು ವೈನಿ ನಕ್ಕರು. "ಬಚ್ಚಲಮನಿ ಪಾಯಾ ತೋಡಾಕ ಹೋದ್ರ ಹಳೇ ಹಗೇವು ಸಿಕ್ಕೈತಿ. ಎಷ್ಟ ಅಗಲ ಐತಿ ನೋಡಬೇಕಂತ, ಸೊಂಟಕ್ಕ ಹಗ್ಗ ಕಟಗೊಂಡ ಹೀರೋ ಆಗಿ ನಿಂತಾರ."

ಫೋನನ್ನು ಅವರಿಗೆ ಕೊಡಿ ಎಂದು ಒದರಿದೆ.

"ಏನ ಬೇ ತಂಗಿ, ಒಂದ ಕಾಲು ಒಳಗ ಇಟ್ಟೇನಿ, ಲಗೂ ಹೇಳು."

"ಅಣ್ಣಾ, ಇಳೀಬ್ಯಾಡ. ಮೊದಲ ಕಂದೀಲ ಬಿಡು."

"ಮೊಬೈಲ್ ಬ್ಯಾಟರಿ ಬಿಟ್ಟ ನೋಡೇನಿ. ತಳಾ ಸ್ವಚ್ಛ ಕಾಣಾಕತ್ತೈತಿ."

"ಬ್ಯಾಟರಿ ಹೆಂಗ ಆರತೈತಿ? ಬೆಂಕಿ ಬಿಡು."

"ಕಾಳ ಇದ್ರ ಹಬೆ ಇರತೈತಿ. ಖಾಲಿ ಹಗೇವಿನಾಗ ಎಂಥಾದ್ದು? ಮುಂಜಾನಿಂದ ಬಾಯಿ ತೆಗದ ಇಟ್ಟೇನಿ. ಮಗಳ ಕೂಡ ಕುಂತು ಸಿನಿಮಾ ಭಾಳ ನೋಡಾಕತ್ತಿ ನೀ."

ನಾನು ಅಳತೊಡಗಿದೆ. ನನ್ನ ಅಳು ಕೇಳಿದರೆ ಅಣ್ಣನಿಗೆ ಎಂದೂ ತಡೆಯಲಾಗುವುದಿಲ್ಲ. "ಆತು ಮಾರಾಯ್ತಿ, ಸುಮ್ಮನಿರು," ಎಂದ. ಮನೆಯಲ್ಲಿ ಕಂದೀಲು ಇರಲಿಲ್ಲ. ವೈನಿ ದೇವರ ಮುಂದಿನ ಪಣತಿಯನ್ನು ಬಕೀಟಿನಲ್ಲಿಟ್ಟು ಇಳಿಬಿಟ್ಟರು. ಫೋನಿನಲ್ಲಿ ಬಕೀಟಿನ ಕಿವಿ ಕಿರುಗುಟ್ಟುವುದು ನನಗೆ ಕೇಳುತ್ತಿತ್ತು. "ಆರಿತು," ಎಂದರು ವೈನಿ. "ಗಾಳಿ ಬಡದಿರಬೇಕು, ಮತ್ತ ಹಚ್ಚು," ಎಂದ ಅಣ್ಣ. ಹಚ್ಚಿದರು, ಮತ್ತೆ ಆರಿತು. ಆಮೇಲೆ ಅಣ್ಣನ ಧ್ವನಿ, ಅದು ಅವನ ಧ್ವನಿಯಂತೆಯೇ ಇರಲಿಲ್ಲ: "ಹಗ್ಗಾ ಬಿಚ್ಚು."

ಫೋನ್ ಇಟ್ಟು ಒಳಗೆ ಬಂದಾಗ ಅಶ್ವಿನಿ ಸಿನಿಮಾ ನಿಲ್ಲಿಸಿ ಗಾಬರಿಯಾಗಿ ನಿಂತಿದ್ದಳು. ಎಲ್ಲ ಹೇಳಿದೆ. "ಕಂದೀಲ? ಎಲ್ಲಿತ್ತು ಮಮ್ಮಿ?" ಎಂದಳು. ನನ್ನ ಬಾಜೂಕ್ಕೇ ಕೂತು ಕಣ್ಣು ಮಿಟುಕಿಸದೆ ನೋಡಿದವಳು ಅವಳು. ಸಿನಿಮಾವನ್ನು ಹಿಂದೆ ಓಡಿಸಿ ತೋರಿಸಿದಳು. ಬಿಲದ ಬಾಯಲ್ಲಿ ನಿಂತವರು ಇದ್ದರು, ಹಣೆಯ ಬ್ಯಾಟರಿಗಳು ಬೆಳಗಿದವು, ಅವರು ಇಳಿದರು. ನಡುವೆ ಕೈಯೂ ಇಲ್ಲ, ಕಂದೀಲೂ ಇಲ್ಲ. ಆಮೇಲೆ ಇಡೀ ಸಿನಿಮಾವನ್ನು ಒಬ್ಬಳೇ ಕೂತು ನೋಡಿದೆ. ಎಲ್ಲಿಯೂ ಇರಲಿಲ್ಲ.

ಸಂಜೆ ನಮ್ಮ ಮನೆಯವರು ಎಲ್ಲ ಕೇಳಿಸಿಕೊಂಡು, ಊಟದ ಮೇಲೆ ಕಣ್ಣು ಹತ್ತಿರಬೇಕು, ಸಣ್ಣವಳಿದ್ದಾಗಿನದು ನೆನಪಾಗಿರಬೇಕು ಎಂದರು. ಇರಬಹುದು. ಆದರೆ ಬುಟ್ಟಿಯಲ್ಲಿ ಎಲೆ ಬೇರೆ, ದಂಟು ಬೇರೆಯಾಗಿ ಸೊಪ್ಪು ಪೂರ್ತಿ ಬಿಡಿಸಿಟ್ಟಿತ್ತು. ನಿದ್ದೆಗಣ್ಣಿನ ಕೈ ಅಷ್ಟು ನೀಟಾಗಿ ಕೆಲಸ ಮಾಡುತ್ತದೆಯೇ? ಇನ್ನು ನೆನಪೇ ಆಗಿದ್ದರೆ, ಹಗೇವು ಸಿಕ್ಕ ಸುದ್ದಿ ನನಗೆ ಯಾರೂ ಮುಟ್ಟಿಸಿರಲಿಲ್ಲ. ಅಣ್ಣನ ಕಾಲು ಒಳಗೆ ಇಳಿದ ಹೊತ್ತಿಗೇ ಅದು ಬರಬೇಕಿತ್ತೇ? ಮಾಸ್ತರರು ಕನ್ನಡಕ ಒರೆಸಿಕೊಳ್ಳುತ್ತ ಕೂತರು.

ಆ ಹಗೇವಿಗೆ ಅಣ್ಣ ಟ್ರ್ಯಾಕ್ಟರಿನಲ್ಲಿ ಮಣ್ಣು ತಂದು ಮುಚ್ಚಿಸಿದ. ನಾನು ಮಾತ್ರ ಅಂದಿನಿಂದ ನೆಮ್ಮದಿಯಾಗಿ ಒಂದು ಸಿನಿಮಾ ನೋಡಿದವಳಲ್ಲ. ಪರದೆಯ ಮೇಲೆ ಕತ್ತಲಾದರೆ ಸಾಕು, "ಈಗ ಕಂಡಿದ್ದು ನಿನಗೂ ಕಂಡಿತೇನ?" ಎಂದು ಅಶ್ವಿನಿಯನ್ನು ಕೇಳುತ್ತೇನೆ. ಅವಳು ಹೂಂ ಎನ್ನುವವರೆಗೆ ಜೀವಕ್ಕೆ ಸಮಾಧಾನವಿಲ್ಲ. ಮೊನ್ನೆ ಒಂದು ಗುಹೆಯ ಬಾಯಲ್ಲಿ ಯಾರೋ ಬಿಟ್ಟುಹೋದ ಬೂಟುಗಳು ಕಂಡವು. "ಕಂಡ್ವು ಮಮ್ಮಿ, ಖರೇನ ಕಂಡ್ವು," ಎಂದಳು ಮಗಳು. ಆದರೂ ಅಣ್ಣನಿಗೆ ಫೋನ್ ಹಚ್ಚಿದೆ. ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ:

"ನಾ ಮ್ಯಾಲ ಅದೇನಿ ಬೇ ತಂಗಿ. ನೀ ಆರಾಮ್ ನೋಡು."