ರುಮಾಲು ಮತ್ತು ರಬ್ಬರ್ ಟೊಪ್ಪಿಗೆ

ನಾವು ನೆದರ್‌ಲ್ಯಾಂಡ್ಸಿಗೆ ಬಂದು ಎರಡು ತಿಂಗಳಾಗಿತ್ತು. ಇಲ್ಲಿ ಹೆಜ್ಜೆಗೊಂದು ಕಾಲುವೆ, ಹಾಗಾಗಿ ಮಕ್ಕಳೆಲ್ಲ ಈಜು ಕಲಿಯುತ್ತಾರೆ. ಎಂಟು ವರ್ಷದ ಮಗಳನ್ನು ಈಜುಕೊಳಕ್ಕೆ ಕರೆದುಕೊಂಡು ಹೋದರೆ, ಈಜು ಕಲಿಸುವಾಕೆ ಅವಳ ಕೊರಳಲ್ಲಿ ಇಷ್ಟಲಿಂಗವಿರುವ ಕರಡಿಗೆಯನ್ನು ನೋಡಿ ತಡೆದಳು. ಕೊರಳಲ್ಲಿ ದಾರವಿದ್ದರೆ ನೀರಿಗೆ ಇಳಿಸುವಂತಿಲ್ಲವಂತೆ.

ಅದು ಒಡವೆಯಲ್ಲ, ದೇವರು, ಮೈಯಿಂದ ಬೇರೆ ಮಾಡಬಾರದು ಎಂದು ನಾನು ಹತ್ತು ನಿಮಿಷ ಭಾಷಣ ಮಾಡಿದೆ. ಮಗಳು ಟವೆಲ್ ಹೊದ್ದು ನಡುಗುತ್ತ ನಿಂತಿದ್ದಳು. ಆಕೆ ಎಲ್ಲವನ್ನೂ ಕೇಳಿ, "ಮೈಮೇಲೆ ಅಂದರೆ ಕೊರಳಲ್ಲೇ ಇರಬೇಕೇ?" ಎಂದಳು.

ನನಗೆ ಗೊತ್ತಿರಲಿಲ್ಲ. ಕುಲಗೋಡದಲ್ಲಿರುವ ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ.

"ತಲಿಮ್ಯಾಲ ಇದ್ರೂ ನಡೀತೈತಿ," ಅಂದಳು ಅವ್ವ. "ನಿಮ್ಮ ಮುತ್ಯಾ ಹೊಳಿ ಈಸಿ ಗೋಕಾಕ ಸಂತಿಗೆ ಹೋಗುವಾಗ ರುಮಾಲದಾಗ ಸುತ್ತಿಕೊಂಡ ಹೋಗತಿದ್ದ. ಇಷ್ಟೂ ಗೊತ್ತಿಲ್ಲೇನು ನಿನಗ?"

ಅದನ್ನು ನಾನು ಈಜು ಕಲಿಸುವಾಕೆಗೆ ವಿವರಿಸಿ ಮುಗಿಸುವಷ್ಟರಲ್ಲಿ ಆಕೆ ಒಂದು ರಬ್ಬರ್ ಟೊಪ್ಪಿಗೆ ತಂದಿದ್ದಳು. ಕರಡಿಗೆಯ ದಾರವನ್ನು ಮಗಳ ಜುಟ್ಟಿಗೆ ಬಿಗಿದು ಮೇಲೆ ಟೊಪ್ಪಿಗೆ ಎಳೆದಳು. ಮಗಳು ನೆತ್ತಿಯ ಮೇಲೊಂದು ಗುಬುಟು ಹೊತ್ತು ನೀರಿಗಿಳಿದಳು. ನಾನು ಫೋನಿನ ಕ್ಯಾಮೆರಾವನ್ನು ಅವಳ ಕಡೆ ಹಿಡಿದೆ.

"ಅಂಜೂದಿಲ್ಲ ನೋಡು ಹುಡುಗಿ," ಅಂದಳು ಅವ್ವ. ನಾನು ಫೋನನ್ನು ನನ್ನ ಕಡೆ ತಿರುಗಿಸಿದಾಗ ಅವಳು ಮುಖ ಹತ್ತಿರ ತಂದಳು. "ಅಲ್ಲೋ, ನಿಂದ ಕರಡಿಗಿ ಎಲ್ಲೈತಿ? ಕೊರಳಾಗ ಕಾಣವಲ್ದು."

ನನ್ನದು ಮನೆಯ ಕಪಾಟಿನಲ್ಲಿ, ಸಾಕ್ಸುಗಳ ಬಾಜೂ ಇತ್ತು. ನಾನು ಕ್ಯಾಮೆರಾವನ್ನು ಮತ್ತೆ ಮಗಳ ಕಡೆ ತಿರುಗಿಸಿದೆ.