ಲವಂಗದ ಬಟ್ಟಲು

ಕಳೆದ ವಾರ ಹೊನ್ನಾವರದಲ್ಲಿ ಹಲ್ಲಿನ ಡಾಕ್ಟರು ನನ್ನ ಹುಳುಕು ಹಲ್ಲಿಗೆ ಲವಂಗದ ಎಣ್ಣೆ ಅದ್ದಿದ ಹತ್ತಿ ಒತ್ತಿದರು. ನೋವು ಇಳಿಯಿತು, ಕಣ್ಣಲ್ಲಿ ಮಾತ್ರ ನೀರು ಬಂತು. “ನೋವಾಯ್ತಾ?” ಎಂದು ಕೇಳಿದರು. ಬಾಯಿ ತೆರೆದು ಮಲಗಿದವನು ಏನೆಂದು ಹೇಳುವುದು? ಆ ವಾಸನೆಗೆ ನಮ್ಮ ಮಾಳಿಗೆ ಮೇಲಿನ ಮೇಡಂ ನೆನಪಾಗಿದ್ದರು...

ಮೇಡಂ ಕುಮಟಾ ಕಡೆಯವರು. ಇಲ್ಲಿ ಹೊನ್ನಾವರದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡುತ್ತ, ನಮ್ಮ ಮಾಳಿಗೆಯಲ್ಲಿ ಒಬ್ಬರೇ ಬಾಡಿಗೆಗಿದ್ದರು. ಅವರನ್ನು ನೋಡಲು ಯಾರೂ ಬರುತ್ತಿರಲಿಲ್ಲ. ಭಾನುವಾರವೂ ಪ್ರಯೋಗಾಲಯಕ್ಕೆ ಹೋಗಿಬಿಡುತ್ತಿದ್ದರು. ಅಮ್ಮ ಸ್ಟೀಲಿನ ಬಟ್ಟಲಲ್ಲಿ ಸಾರೋ ಪಾಯಸವೋ ಕಳಿಸಿದರೆ, ಬಟ್ಟಲನ್ನು ಖಾಲಿ ಮರಳಿಸಬಾರದೆಂಬ ನಮ್ಮ ಕಡೆಯ ರೂಢಿಯಂತೆ ಅವರೂ ಏನಾದರೂ ಹಾಕಿ ಕೊಡಬೇಕಿತ್ತು. ಅಡುಗೆ ಅವರಿಗೆ ಅಷ್ಟಕ್ಕಷ್ಟೇ. ಹಾಗಾಗಿ ಪ್ರತಿಸಲವೂ ಬಟ್ಟಲಲ್ಲಿ ಒಂದು ಹಿಡಿ ಲವಂಗ ಬರುತ್ತಿತ್ತು.

“ಎಂತಕ್ಕೆ ಮೇಡಂ ಇಷ್ಟೆಲ್ಲ? ನಾವೆಂತ ದಿನಾ ಪಲಾವ್ ಮಾಡ್ತೇವಾ?” ಎಂದು ಅಮ್ಮ ರೇಗಿಸುತ್ತಿದ್ದಳು.

“ನನ್ನ ಹತ್ರ ಇರೂದು ಅದೇ ಅಕ್ಕಾ,” ಎನ್ನುತ್ತಿದ್ದರು ಮೇಡಂ.

ಅವರ ಸಂಶೋಧನೆಯೇ ಲವಂಗದ ಮೇಲೆ. ಒಮ್ಮೆ ನನ್ನನ್ನು ಪ್ರಯೋಗಾಲಯಕ್ಕೆ ಕರೆದೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳಿದರು. ನಾನು ಕಾಮರ್ಸ್ ಓದುತ್ತಿದ್ದವನು. ನನಗೆ ಕಂಡದ್ದು ಸಾಬಕ್ಕಿಯಂಥ ಗುಂಡು ಕಾಳುಗಳು. ಅದು ಯೀಸ್ಟ್, ಎಷ್ಟೋ ಜನರ ಬಾಯಲ್ಲಿ ತೆಪ್ಪಗೆ ಬಿದ್ದಿರುತ್ತದೆ ಎಂದರು. ಇನ್ನೊಂದು ಗಾಜಿನಲ್ಲಿ ರಕ್ತದ ತಿಳಿ, ಅಂದರೆ ಸೀರಮ್, ಬೆರೆಸಿದ್ದರು. ಅಲ್ಲಿ ಅದೇ ಕಾಳುಗಳು ಉದ್ದುದ್ದ ದಾರ ಬಿಟ್ಟಿದ್ದವು. ಮೈಯ ಶಕ್ತಿ ಕುಂದಿದಾಗ ಆ ದಾರಗಳೇ ಮಾಂಸ ತೂರಿ ರಕ್ತಕ್ಕೆ ಇಳಿಯುತ್ತವಂತೆ. ಮೂರನೆಯದಕ್ಕೆ ರಕ್ತದ ತಿಳಿಯ ಜೊತೆ ಲವಂಗದೆಣ್ಣೆಯ ಸಾರವನ್ನೂ ಹಾಕಿದ್ದರು. ಅಲ್ಲಿ ಕಾಳುಗಳು ಗುಂಡಗೇ ಉಳಿದಿದ್ದವು.

“ಸಾಯ್ಲಿಲ್ಲ ನೋಡು ತಮಾ, ದಾರ ಬಿಡೂದು ಮಾತ್ರ ನಿಂತದೆ. ದಾರ ಬಿಡಿಸೂ ಜೀನು ಸುಮ್ನಾಯ್ತಾ, ಇಲ್ಲಾ ಬರೀ ಸುಸ್ತಾಗಿ ಬಿದ್ದದ್ಯಾ... ಅದೊಂದು ಗೊತ್ತಾಗ್ಬೇಕು.”

ತಮಾ ಎಂದು ನಮ್ಮಲ್ಲಿ ಎಲ್ಲ ಹುಡುಗರನ್ನೂ ಕರೆಯುತ್ತಾರೆ. ಮೇಡಂಗೆ ಸ್ವಂತ ತಮ್ಮನೊಬ್ಬ ಇದ್ದನೆಂದು, ಕ್ಯಾನ್ಸರಿನ ಚಿಕಿತ್ಸೆ ನಡೆಯುವಾಗ ಇದೇ ಯೀಸ್ಟ್ ರಕ್ತಕ್ಕಿಳಿದು ತೀರಿಕೊಂಡನೆಂದು ಅಮ್ಮ ಆಮೇಲೆ ಹೇಳಿದಳು. ಅವನನ್ನು ಬಿಟ್ಟರೆ ಅವರಿಗೆ ತಮ್ಮವರೆಂದು ಬೇರೆ ಯಾರೂ ಇರಲಿಲ್ಲ.

ಜೀನು ಎಷ್ಟು ಕೆಲಸ ಮಾಡುತ್ತಿದೆಯೆಂದು ಅಳೆಯುವ ಯಂತ್ರ ಇದ್ದದ್ದು ಮಂಗಳೂರಿನಲ್ಲಿ. ಬಹಳ ಓಡಾಡಿ ಅದಕ್ಕೊಂದು ದಿನ ಗೊತ್ತುಮಾಡಿಕೊಂಡರು. ಮಾದರಿಗಳನ್ನು ತಣ್ಣಗೇ ಒಯ್ಯಬೇಕು. ಬಿಸಿ ತಾಗಿದರೆ ಜೀನಿನ ಸುದ್ದಿ ಹೊತ್ತ ಅಣುಗಳು ಚೂರಾಗುತ್ತವೆ. ಮೇಡಂ ಮೀನಿನ ಥರ್ಮಾಕೋಲ್ ಪೆಟ್ಟಿಗೆಗೆ ಬಂದರಿನ ಐಸ್ ತುಂಬಿಸಿ, ನಡುವೆ ಪುಟ್ಟ ಟ್ಯೂಬುಗಳನ್ನಿಟ್ಟು, ಮಳೆಗಾಲದ ಒಂದು ಬೆಳಿಗ್ಗೆ ರೈಲು ಹತ್ತಿದರು. ಭಟ್ಕಳ ದಾಟಿದ ಮೇಲೆ ಹಳಿಗೆ ಮಣ್ಣು ಕುಸಿದು ರೈಲು ನಿಂತಿತು. ಸಂಜೆಯವರೆಗೂ ನಿಂತೇ ಇತ್ತು.

“ಎದುರು ಕೂತ ಹೆಂಗಸು, ಎಂತ ಮೀನು, ಬಂಗಡೆಯಾ, ಹಾಳಾಗ್ತದೆ ಮಾರಿಬಿಡಿ ಅಂದ್ಳು ಅಕ್ಕಾ,” ಎಂದು ಮರಳಿ ಬಂದ ಮೇಡಂ ನಗುತ್ತ ಹೇಳಿದರು. ಪೆಟ್ಟಿಗೆ ನಮ್ಮ ಮೆಟ್ಟಿಲ ಮೇಲಿತ್ತು, ಐಸೆಲ್ಲ ನೀರಾಗಿತ್ತು. ಅಮ್ಮ ಕೊಟ್ಟ ಚಾ ಪಕ್ಕಕ್ಕಿಟ್ಟು, ಆ ನೀರನ್ನು ಅಂಗಳಕ್ಕೆ ಚೆಲ್ಲಿದರು. ಆಮೇಲೆ, “ಆತು, ಇನ್ನೊಂದ್ಸಲ ಬೆಳೆಸ್ತೇನೆ,” ಎಂದು ಎದ್ದು ಹೋದರು.

ಮತ್ತೆ ಬೆಳೆಸಿದರು, ಮತ್ತೆ ಅವಕಾಶಕ್ಕೆ ಕಾದರು. ಅಷ್ಟರಲ್ಲಿ ಅವರಿಗೇ ಕಾಯಿಲೆಯಾಯಿತು. ಮಂಗಳೂರಿಗೆ ಹೋದರು, ಈ ಸಲ ಆಸ್ಪತ್ರೆಗೆ. ಹೊರಡುವ ಬೆಳಿಗ್ಗೆ ಅಮ್ಮ ಬಟ್ಟಲಲ್ಲಿ ಗಂಜಿ ಕೊಟ್ಟಿದ್ದಳು. ವಾಪಸು ಬಂದ ಮೇಲೆ ಬಟ್ಟಲು ಕೊಡುತ್ತೇನೆ ಎಂದಿದ್ದರು...

ಬರಲಿಲ್ಲ. ಯಾರೋ ದೂರದ ಸಂಬಂಧಿ ಬಂದು ಕೋಣೆ ತೆರವು ಮಾಡಿದರು. ಒಳ್ಳೆಯ ಮನುಷ್ಯ; ನಮ್ಮ ಬಟ್ಟಲನ್ನು ಹುಡುಕಿ, ತಿಕ್ಕಿ ತೊಳೆದು ಅಮ್ಮನ ಕೈಗೆ ಕೊಟ್ಟರು. ಅಮ್ಮ ಅದರೊಳಗೆ ಒಮ್ಮೆ ನೋಡಿದಳು. ಏನೂ ಇರಲಿಲ್ಲ. ಅಡುಗೆಮನೆಗೆ ಹೋಗಿ ಅತ್ತಳು.

ಜೀನು ಸುಮ್ಮನಾಗಿತ್ತೋ ಇಲ್ಲವೋ, ಬೇರೆಲ್ಲೋ ಯಾರೋ ಕಂಡುಕೊಂಡಿರಬಹುದು. ಅದನ್ನು ಕೇಳಿ ಸಮಾಧಾನಪಡಬೇಕಾದವರು ಇಲ್ಲ. ಅಮ್ಮನೂ ಹೋಗಿ ಕೆಲವು ವರ್ಷಗಳಾದವು.

ಅವತ್ತು ಹಲ್ಲಿನ ಡಾಕ್ಟರಲ್ಲಿಂದ ಹತ್ತಿ ಕಚ್ಚಿಕೊಂಡೇ ಮನೆಗೆ ಬಂದೆ. ಮಾಳಿಗೆಗೆ ಬೀಗ ಹಾಕಿತ್ತು. ಅಡುಗೆಮನೆಯ ಕಪಾಟಿನಿಂದ ಆ ಬಟ್ಟಲು ತೆಗೆದು ಮೂಗಿನ ಹತ್ತಿರ ಹಿಡಿದೆ. ಲವಂಗದ ವಾಸನೆ ಬಂತು. ಆಮೇಲೆ ಹೊಳೆಯಿತು, ಅದು ನನ್ನ ಬಾಯಿಯದೇ.